ಮೊರಡಿಗರ ಪರಲೋಕ: ಐದನೆಯ ತಿಂಗಳ ಕೆಲಸ

ಈ ತಿಂಗಳು ಪರಲೋಕದ ಅಧ್ಯಾಯವನ್ನು ಪೂರ್ತಿ ಅಳಿಸಿ ಮತ್ತೆ ಬರೆದಿದ್ದೇನೆ. ಮೊರಡಿಗರು ನನ್ನ ಕಾದಂಬರಿಗಾಗಿ ನಾನೇ ಕಲ್ಪಿಸಿಕೊಂಡ ಯೋಧಕುಲ. ಮೊದಲ ಕರಡಿನಲ್ಲಿ ಕೊಂದ ಹಗೆಗಳ ಎಣಿಕೆಯೇ ಅವರಿಗೆ ಸ್ವರ್ಗದ ಅಳತೆಯಾಗಿತ್ತು. ಬಾಡಿಗೆಗೆ ಕತ್ತಿ ಹಿಡಿದವನನ್ನೂ, ಊರ ದನಗಳನ್ನು ಉಳಿಸಲು ಹೋಗಿ ಒಬ್ಬನನ್ನೂ ಕೊಲ್ಲದೆ ಮಡಿದ ಹುಡುಗನನ್ನೂ ಅಕ್ಕಪಕ್ಕ ನಿಲ್ಲಿಸಿದಾಗ ಆ ಲೆಕ್ಕ ಮೊದಲನೆಯವನನ್ನೇ ಮೇಲೇರಿಸಿತು. ಅಂಥ ಸ್ವರ್ಗವನ್ನು ನಾನು ಬರೆಯಲಾರೆ ಎನ್ನಿಸಿತು.

ದಾರಿ ಸಿಕ್ಕಿದ್ದು ಮಂಡ್ಯದ ಸುತ್ತಲಿನ ವೀರಗಲ್ಲುಗಳಲ್ಲಿ. ಭಾನುವಾರಗಳಂದು ಕೆರೆ ಏರಿಗಳ ಮೇಲೆ, ಗುಡಿಗಳ ಅಂಗಳದಲ್ಲಿ ಕುಳಿತು ಅವುಗಳ ಚಿತ್ರ ಬರೆದುಕೊಂಡೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿಯಲ್ಲಿ ವೀರ. ತುರುಗೋಳಿನ, ಎಂದರೆ ದನಗಳ ಸೂರೆಯ ಕಾಳಗದ, ಕಲ್ಲುಗಳಲ್ಲಿ ಕಾಳಗದ ಜೊತೆಗೆ ಹಸುಗಳನ್ನೂ ಕಡೆದಿರುತ್ತಾರೆ. ಅವನು ಯಾರನ್ನು ಕೊಂದ ಎಂಬುದಕ್ಕಿಂತ ಯಾವುದನ್ನು ಉಳಿಸಲು ನಿಂತ ಎಂಬುದೇ ಅಲ್ಲಿ ನನಗೆ ಕಂಡಿತು.

ಅದಕ್ಕಿಂತ ಹೆಚ್ಚು ಕಲಿಸಿದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರ ಆ ಶಾಸನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗರ ಬೂತುಗ, ತಕ್ಕೋಲದ ಕಾಳಗದಲ್ಲಿ ಮಡಿದ ಚೋಳ ರಾಜಾದಿತ್ಯ ಎಲ್ಲರೂ ಬರುತ್ತಾರೆ. ಆದರೆ ಬೂತುಗನ ಬಂಟ ಮಣಲೇರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕಾಗಿ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಭೂಮಿಯನ್ನು ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಬರೆಸಿದ. ಸತ್ತವರ ಮಾನವನ್ನು ಬದುಕಿರುವವನ ಅನ್ನಕ್ಕೆ ಕಟ್ಟಿಹಾಕಿದ ಈ ಮಾತನ್ನು ನಾನು ಎಷ್ಟು ಸಲ ಓದಿದೆನೋ!

ಅಧ್ಯಾಯವೀಗ ಅದರ ಮೇಲೆಯೇ ನಿಂತಿದೆ. ಮೊರಡಿಗರಲ್ಲಿ ಸತ್ತವನು ತಾನಾಗಿ ಮೇಲೇರಲಾರ. ನಮ್ಮ ಶಾಸನಗಳಲ್ಲಿ ಮಡಿದವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿದೆ. ಮೊರಡಿಗರ ಒಡೆಯ ಅಂಥ ಭೂಮಿಯನ್ನು ಕೊಡದೆ ಉಳಿಸಿಕೊಂಡರೆ ವೀರ ನಡುವಿನ ಪಟ್ಟಿಕೆಯಲ್ಲೇ, ನೆಲವೂ ಅಲ್ಲದ ಮುಗಿಲೂ ಅಲ್ಲದ ಕಡೆ ನಿಂತುಬಿಡುತ್ತಾನೆ, ಮಾನ ಹೋಗುವುದು ಒಡೆಯನದು.

ವೇಳೆವಾಳಿಯ, ಎಂದರೆ ಒಡೆಯ ಸತ್ತರೆ ತಾನೂ ಸಾಯುವೆನೆಂಬ ಆಣೆಯ, ಭಾಗ ಮಾತ್ರ ತುಂಬ ಕಾಡಿತು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ಒಡೆಯನಿಗಾಗಿ ಪ್ರಾಣ ಬಿಟ್ಟ ಸಂಗತಿ ಹಳೇಬೀಡಿನ ಕಂಬದ ಶಾಸನದಲ್ಲಿದೆ. ಅವನೊಡನೆ ಮಡದಿ ಸುಗ್ಗಲದೇವಿಯೂ ಹೋದಳು. ಆ ನಿಷ್ಠೆಯೆದುರು ನನ್ನ ತಲೆ ಬಾಗುತ್ತದೆ, ಆದರೂ ಅದನ್ನೇ ಸ್ವರ್ಗದ ನೇರ ದಾರಿಯೆಂದು ಬರೆಯಲು ಕೈ ಏಳಲಿಲ್ಲ. ಆದ್ದರಿಂದ ಮೊರಡಿಗರಲ್ಲಿ ಆ ಆಣೆಯನ್ನು ಪ್ರಾಯಕ್ಕೆ ಬಂದವರು ಮಾತ್ರ ಊರೆದುರು ಇಡಬಹುದು, ಮತ್ತು ಒಡೆಯ ಪ್ರತಿ ವರ್ಷ ಸುಗ್ಗಿಯಲ್ಲಿ ಅದನ್ನು ಹಿಂದಿರುಗಿಸಲೇ ಎಂದು ಅವರನ್ನು ಕೇಳಲೇಬೇಕು.

ಕರಡನ್ನು ಅವ್ವನಿಗೆ ಓದಿ ಹೇಳಿದಾಗ ಅವಳು, "ಸತ್ತೋನಿಗೇನೋ ಕಲ್ಲು ನಿಲ್ಲಿಸ್ದೆ, ಅವನ ಮಕ್ಕಳನ್ನ ಸಾಕ್ದೋಳ್ಗೆ ಏನ್ ನಿಲ್ಲಿಸ್ತೀಯಪ್ಪ?" ಎಂದಳು. ಎರಡು ದಿನ ಬರವಣಿಗೆ ನಿಂತಿತು. ಕೊನೆಗೆ ಮೇಲಿನ ಪಟ್ಟಿಕೆಯನ್ನು ಖಾಲಿ ಬಿಡುವ ಪದ್ಧತಿಯನ್ನು ತಂದೆ: ಮನೆ ನಡೆಸಿದವಳು ತನ್ನ ಕೊನೆಗಾಲದಲ್ಲಿ ಬಂದು, ಅವನು ಉಳಿಸಿದ್ದು ಉಳಿದಿದೆ ಎಂದು ಹೇಳಿದ ಮೇಲೆಯೇ ಶಿಲ್ಪಿ ಅಲ್ಲಿ ಉಳಿ ಇಡುತ್ತಾನೆ, ಕಡೆಯುವುದು ಇಬ್ಬರನ್ನೂ.

ಕಾಳಗದಿಂದ ಓಡಿಹೋಗಿ ಮುಪ್ಪಿನಲ್ಲಿ ಹಿಂದಿರುಗಿದವನ ಗತಿ ಇನ್ನೂ ಇತ್ಯರ್ಥವಾಗಿಲ್ಲ. ಅವನಿಗಾಗಿ ಪಟ್ಟಿಕೆಗಳೇ ಇಲ್ಲದ ಒಂದು ಕಲ್ಲಿನ ಚಿತ್ರ ಬರೆದಿಟ್ಟಿದ್ದೇನೆ. ಮುಂದಿನ ತಿಂಗಳ ಕೆಲಸ ಅದು.