ಜಾವಾನಾ ಪೈಥಾನಾ ಆಮೇಲೆ, ಮೊದಲು ತಮಟೆ ಬಾರಿಸಿ
ನಮ್ಮ ಶಿಡ್ಲಘಟ್ಟದ ಕಡೆ ಇಂಜಿನಿಯರಿಂಗ್ ಓದುವ ಹುಡುಗರು ಸಿಕ್ಕಿದರೆ ಸಾಕು, ಒಂದೇ ಪ್ರಶ್ನೆ. ಪ್ರೋಗ್ರಾಂ ಬರೆಯುವ ಭಾಷೆಗಳಲ್ಲಿ ಜಾವಾ ಕಲಿಯಬೇಕಾ, ಪೈಥಾನ್ ಕಲಿಯಬೇಕಾ? ಈಗ ಅದರ ಹಿಂದೆ ಇನ್ನೊಂದು ಸೇರಿಕೊಂಡಿದೆ, ಎಐ ಬಂದ ಮೇಲೆ ನಮಗೆ ಕೆಲಸ ಉಳಿಯುತ್ತಾ ಸಾರ್ ಅಂತ. ಅದಕ್ಕೆ ಉತ್ತರ ಹೇಳುವವರು ಯೂಟ್ಯೂಬ್ ತುಂಬಾ ಇದ್ದಾರೆ, ಅವರಿಗೇ ಬಿಡೋಣ. ಮೊದಲನೆಯದಕ್ಕೆ ನಾನು ಹೇಳುವುದು ಇಷ್ಟೇ: ಯಾವುದೋ ಒಂದು ಭಾಷೆ ಹಿಡಿದುಕೊಂಡು, ತಾಳ ತಪ್ಪದೆ ತಮಟೆ ಬಾರಿಸುವ ಒಂದು ಸಣ್ಣ ಪ್ರೋಗ್ರಾಂ ಬರೆಯಿರಿ.

ತಮಾಷೆ ಅಲ್ಲ. ಬ್ರೌಸರ್‌ನಲ್ಲೇ ಮಾಡಬಹುದು. ಎಲ್ಲರ ಕೈಯೂ ಮೊದಲು ಹೋಗುವುದು ಜಾವಾಸ್ಕ್ರಿಪ್ಟ್ ಭಾಷೆಯ ಸೆಟ್‌ಟೈಮ್‌ಔಟ್‌ಗೆ, ಅಂದರೆ ಇಷ್ಟು ಹೊತ್ತಾದ ಮೇಲೆ ಈ ಕೆಲಸ ಮಾಡು ಅಂತ ಹೇಳುವ ಆಜ್ಞೆಗೆ. 500 ಮಿಲಿಸೆಕೆಂಡಿಗೆ ಒಂದು ಏಟು. ಸ್ವಲ್ಪ ಹೊತ್ತು ಚೆನ್ನಾಗೇ ಇರುತ್ತದೆ, ಆಮೇಲೆ ಕುಂಟೋಕೆ ಶುರು. ಯಾಕಂದ್ರೆ 500 ಆಗುವ ಮುಂಚೆ ಬಾರಿಸಲ್ಲ ಅಂತ ಮಾತ್ರ ಅದು ಮಾತು ಕೊಡುತ್ತದೆ, ಸರಿಯಾಗಿ 500ಕ್ಕೇ ಅಂತ ಎಲ್ಲೂ ಹೇಳಿಲ್ಲ. ಪುಟದಲ್ಲಿ ಬೇರೆ ಕೆಲಸ ನಡೆಯುತ್ತಿದ್ದರೆ ಏಟು ಕಾಯಬೇಕು, ಆ ತಡ ಮುಂದಿನ ಏಟಿಗೂ ಸೇರಿಕೊಂಡು ಬೆಳೆಯುತ್ತಾ ಹೋಗುತ್ತದೆ. ಬೇರೆ ಟ್ಯಾಬಿಗೆ ಹೋದರಂತೂ ಕೇಳಲೇಬೇಡಿ. ಸರಿಯಾದ ದಾರಿ ಅಂದರೆ ಬ್ರೌಸರ್‌ನಲ್ಲೇ ಸದ್ದು ಮಾಡೋಕೆ ಇರುವ ವೆಬ್ ಆಡಿಯೋದ ಗಡಿಯಾರ ನೋಡಿಕೊಂಡು, ಮುಂದಿನ ಒಂದೆರಡು ಏಟು ಯಾವ ಹೊತ್ತಿಗೆ ಬೀಳಬೇಕು ಅಂತ ಮೊದಲೇ ಹೇಳಿಟ್ಟುಬಿಡುವುದು. ಆಡಿಯೋ ಬೇರೆಯದೇ ಥ್ರೆಡ್‌ನಲ್ಲಿ, ಅಂದರೆ ಪಕ್ಕದಲ್ಲೇ ಸಾಗುವ ಬೇರೆ ಸಾಲಿನಲ್ಲಿ ಓಡುತ್ತದೆ, ಪುಟದ ಗಲಾಟೆ ಅದಕ್ಕೆ ತಟ್ಟುವುದಿಲ್ಲ. ಇಷ್ಟು ಮಾಡುವಷ್ಟರಲ್ಲಿ ಈವೆಂಟ್ ಲೂಪ್ (ಪುಟದ ಕೆಲಸಗಳು ಸರದಿಯಲ್ಲಿ ನಡೆಯುವ ರೀತಿ), ಬಫರ್ (ಮೊದಲೇ ತುಂಬಿಸಿಡುವ ಸದ್ದಿನ ಕಂತು), ಲೇಟೆನ್ಸಿ (ಆಗುವ ತಡ) ಎಲ್ಲಾ ತಾನಾಗೇ ತಲೆಗೆ ಹತ್ತಿರುತ್ತದೆ.

ಗೇಮ್ ಬರೆಯುವವರಿಗೂ ಇದೇ ಪಾಡು. ಸೆಕೆಂಡಿಗೆ 60 ಫ್ರೇಮ್ (ಪರದೆಯ ಚಿತ್ರ) ಅಂದರೆ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಅಲ್ಲೊಂದು ಇಲ್ಲೊಂದು ಫ್ರೇಮ್ ತಪ್ಪಿದರೆ ಕಣ್ಣು ಸುಮ್ನೆ ಬಿಟ್ಟುಬಿಡುತ್ತದೆ. ಕಿವಿಗೆ ಅಂಥ ದಾಕ್ಷಿಣ್ಯ ಇಲ್ಲ. 44,100 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸ್ಯಾಂಪಲ್ (ಸದ್ದಿನ ಅಳತೆ) ಲೆಕ್ಕದಲ್ಲಿ, 256 ಸ್ಯಾಂಪಲ್‌ನ ಬಫರ್ ತುಂಬಿಸೋಕೆ ಇರುವ ಟೈಮು ಆರು ಮಿಲಿಸೆಕೆಂಡೂ ಇಲ್ಲ. ತಡ ಆಯ್ತಾ, 'ಟಪ್' ಅಂತ ಸ್ಪೀಕರ್‌ನಲ್ಲೇ ಮಾನ ಹೋಗುತ್ತದೆ.

ನಮ್ಮ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ತಮಟೆಗೆ. ಬಾರಿಸುವ ಮುಂಚೆ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಚರ್ಮ ಬಿಗಿಯಾದರೇನೇ ಆ ನಾದ. ಆಮೇಲೆ ಒಂದು ಏಟು ತಡವಾದರೂ ಕುಣಿಯುವವರ ಕಾಲಿಗೆ ಗೊತ್ತಾಗುತ್ತದೆ. ಇಷ್ಟು ಕಟ್ಟುನಿಟ್ಟಿನ ಟೆಸ್ಟರ್‌ಗಳು ಯಾವ ಕಂಪನಿಯಲ್ಲೂ ಸಿಗಲ್ಲ ಬಿಡಿ.

ಇದ್ದಷ್ಟು ಹೊತ್ತು, ಇದ್ದಷ್ಟು ಜಾಗದಲ್ಲೇ ಕೆಲಸ ಮುಗಿಸಬೇಕು ಅನ್ನುವ ಈ ಕಟ್ಟುನಿಟ್ಟಿಗೇ ಹಳೇ ಗೇಮ್‌ಗಳೂ ಇಷ್ಟ ಆಗುವುದು. 1978ರ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಶತ್ರುಗಳು ಕಮ್ಮಿಯಾದಷ್ಟೂ ಉಳಿದವರು ಜೋರಾಗಿ ಓಡುತ್ತಾರೆ, ಅಲ್ವಾ? ಪ್ರೊಸೆಸರ್‌ಗೆ ಶಕ್ತಿ ಸಾಲುತ್ತಿರಲಿಲ್ಲ. ಪರದೆ ಮೇಲೆ ಚಿತ್ರ ಬಿಡಿಸಬೇಕಾದ ಶತ್ರುಗಳು ಕಮ್ಮಿಯಾದಂತೆ ಗೇಮಿನ ವೇಗ ಜಾಸ್ತಿಯಾಯಿತು. ಮಾಡಿದ ತೊಮೊಹಿರೊ ನಿಶಿಕಾಡೊ ಅದನ್ನು ಸರಿ ಮಾಡೋಕೆ ಹೋಗಲಿಲ್ಲ, ಹಾಗೇ ಬಿಟ್ಟರು. ಹಿಂದೆ ಬಡಿಯುವ ನಾಲ್ಕು ಸ್ವರದ ಸಂಗೀತವೂ ಜೊತೆಗೇ ಓಡುತ್ತದೆ. 1985ರ ಸೂಪರ್ ಮಾರಿಯೊ ಇಡೀ ಗೇಮು 40 ಕಿಲೋಬೈಟ್. ಅದರ ಮೋಡ, ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ನಮ್ಮ ಒಂದು ಲಾಗಿನ್ ಪುಟ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ.

ಕೆಲಸದ ವಿಷಯಕ್ಕೆ ಬರೋಣ. ಇಂಟರ್‌ವ್ಯೂಗೆ ಅಂತ ನನ್ನ ಕೈಗೆ ಬರುವ ರೆಸ್ಯೂಮೆಗಳಲ್ಲಿ ಮುಕ್ಕಾಲು ಪಾಲು ಯಾವುದೋ ಆ್ಯಪ್‌ನ ನಕಲು, ಅದೂ ಒಂದೇ ವಿಡಿಯೋ ನೋಡಿ ಮಾಡಿದ್ದು. ಏನಂತ ಕೇಳೋದು? ತಾಳ ಹಾಕುವ ಪ್ರೋಗ್ರಾಂ ಒಂದು ಕಂಡರೆ ಅರ್ಧ ಗಂಟೆ ಅದರ ಮೇಲೇ ಮಾತಾಡುತ್ತೇನೆ. ಮೊದಲ ಪ್ರಶ್ನೆಯನ್ನೂ ಈಗಲೇ ಹೇಳಿಬಿಡುತ್ತೇನೆ: ಟ್ಯಾಬ್ ಬದಲಿಸಿದಾಗ ಏಟು ಏನಾಯಿತು?