ರಸ್ತೆಬದಿಯಲ್ಲಿ ಉಳಿದ ರೀಮ್ಸ್ ಸರ್ಕ್ಯೂಟ್

ಫ್ರಾನ್ಸ್‌ನ ರೀಮ್ಸ್ ನಗರದ ಹೊರವಲಯದಲ್ಲಿ, ಹೊಲಗಳ ನಡುವಿನ ಸಾರ್ವಜನಿಕ ರಸ್ತೆಗಳನ್ನೇ ತ್ರಿಕೋನವಾಗಿ ಜೋಡಿಸಿ 1926ರಲ್ಲಿ ಆರಂಭಿಸಿದ ಗ್ಯೂ ಎಂಬ ಕಾರ್ ಓಟದ ಸರ್ಕ್ಯೂಟ್‌ನ ಚಿತ್ರಗಳನ್ನು ಇಂದು ಬಹಳ ಹೊತ್ತು ನೋಡಿದೆ. 1953ರ ಹನ್ನೆರಡು ಗಂಟೆಗಳ ಸ್ಪೋರ್ಟ್ಸ್ ಕಾರ್ ಸ್ಪರ್ಧೆಯನ್ನು ಸ್ಟರ್ಲಿಂಗ್ ಮಾಸ್ ಮತ್ತು ಪೀಟರ್ ವೈಟ್‌ಹೆಡ್ ಜಾಗ್ವಾರ್ ಸಿ-ಟೈಪ್‌ನಲ್ಲಿ ಗೆದ್ದದ್ದು ಇಲ್ಲಿಯೇ. ಮಧ್ಯರಾತ್ರಿ ಹೊರಟ ಕಾರುಗಳು ಮರುದಿನ ಮಧ್ಯಾಹ್ನದವರೆಗೂ, ತಿರುವುಗಳು ಕಡಿಮೆಯಿದ್ದು ವೇಗಕ್ಕೆ ಹೇಳಿಮಾಡಿಸಿದಂತಿದ್ದ ಆ ನೀಳ ದಾರಿಗಳಲ್ಲಿ ಓಡುತ್ತಲೇ ಇದ್ದವು ಎಂಬುದನ್ನು ನೆನೆದರೆ, ಅಂದಿನ ಚಾಲಕರ ಎದೆಗಾರಿಕೆಗೆ ತಲೆಬಾಗಬೇಕೆನಿಸುತ್ತದೆ. 1972ರಲ್ಲಿ ಸ್ಪರ್ಧೆಗಳು ನಿಂತುಹೋದವು. ಆದರೂ ಪ್ರೇಕ್ಷಕರ ಅಟ್ಟಣಿಗೆ ಮತ್ತು ಓಟದ ನಡುವೆ ಕಾರುಗಳಿಗೆ ಇಂಧನ ತುಂಬಿಸಿ ದುರಸ್ತಿ ಮಾಡುತ್ತಿದ್ದ ಪಿಟ್ ಕಟ್ಟಡ ಇಂದಿಗೂ ರಸ್ತೆಯ ಅಕ್ಕಪಕ್ಕ ನಿಂತಿವೆ. ಗೋಡೆಗಳ ಮೇಲೆ ಮಾಸಿಹೋಗಿದ್ದ ಹಳೆಯ ಜಾಹೀರಾತುಗಳ ಅಕ್ಷರಗಳಿಗೆ ಸ್ವಯಂಸೇವಕರು ಮತ್ತೆ ಬಣ್ಣ ತುಂಬಿದ್ದಾರೆ. ಓಟವೇ ಇಲ್ಲದ ಕಡೆ ಓಟದ ನೆನಪನ್ನು ಹೀಗೆ ಕೈಯಾರೆ ಕಾಪಾಡುತ್ತಿರುವ ಅವರ ಬಗ್ಗೆ ನನಗೆ ಅಪಾರ ಗೌರವವಿದೆ.