ಗೋಡೆ ವಾಲಿತ್ತು, ನಾನು ನೆಟ್ಟಗೆ ಮಾಡಿಬಿಟ್ಟೆ

ಬೆಂಗಳೂರಿನಲ್ಲಿ ಕೂತು ಹೊರದೇಶದ ಕಟ್ಟಡಗಳ ಡ್ರಾಯಿಂಗ್ ಮಾಡೋದು ನನ್ನ ಕೆಲಸ. ಅಲ್ಲಿನವರು ಲೇಸರ್ ಸ್ಕ್ಯಾನ್ ಮಾಡಿ ಪಾಯಿಂಟ್ ಕ್ಲೌಡ್, ಅಂದರೆ ಕಟ್ಟಡದ ಆಕಾರ ತೋರಿಸೋ ಚುಕ್ಕಿಗಳ ರಾಶಿ, ಕಳಿಸುತ್ತಾರೆ. ಆ ಚುಕ್ಕಿಗಳ ಮೇಲೆ ನಾವು ಪ್ಲಾನ್, ಸೆಕ್ಷನ್ (ಕಟ್ಟಡವನ್ನು ಸೀಳಿ ನೋಡಿದ ಹಾಗಿನ ಚಿತ್ರ) ಎಳೆಯುತ್ತೇವೆ. ಅಪಾರ್ಟ್‌ಮೆಂಟು, ಆಫೀಸು ಮಾಡಿ ಮಾಡಿ ಕೈ ಪಳಗಿತ್ತು. ಆಗ ಬಂತು ಸ್ಪೇನಿನ ಪಿರನೀಸ್ ಬೆಟ್ಟದ ಒಂದು ಹಳ್ಳಿಯ ಚರ್ಚು. ಕರಾರಿನ ಪ್ರಕಾರ ಹೆಸರು ಹೇಳುವಂತಿಲ್ಲ.

12ನೇ ಶತಮಾನದ ರೋಮನೆಸ್ಕ್ ಕಟ್ಟಡ. ಚೂಪು ಕಮಾನಿನ ಗೋಥಿಕ್‌ಗಿಂತ ಮುಂಚಿನದು. ದಪ್ಪ ಕಲ್ಲುಗೋಡೆ, ಅರ್ಧ ವೃತ್ತದ ಕಮಾನು, ಪೂರ್ವಕ್ಕೆ ಅರ್ಧಚಂದ್ರದ ಹಾಗೆ ಉಬ್ಬಿದ ಆಪ್ಸ್. ಒಂದೇ ಹಜಾರ. ಇಷ್ಟೇನಾ ಅಂದುಕೊಂಡೆ. ಎಫ್8 ಒತ್ತಿ ಆರ್ಥೊ ಹಾಕಿಕೊಂಡೆ, ಅದು ಗೆರೆಗಳನ್ನು ನೆಟ್ಟಗೆ ಅಥವಾ ಅಡ್ಡಕ್ಕೆ ಮಾತ್ರ ಎಳೆಯೋಕೆ ಬಿಡುತ್ತೆ. ನೆಲದಿಂದ ಒಂದೂವರೆ ಮೀಟರ್ ಮೇಲೆ ಕತ್ತರಿಸಿ ಗೋಡೆ ಎಳೆದೆ, ಅದನ್ನೇ ನೆಟ್ಟಗೆ ಚಾವಣಿವರೆಗೆ ಎಬ್ಬಿಸಿದೆ. ಮೇಲೆ ಹೋದಂತೆ ಚುಕ್ಕಿಗಳು ಗೆರೆಯಿಂದ ಆಚೆ ಸರಿದಿದ್ದು ಕಾಣ್ತಿತ್ತು. ಸ್ಕ್ಯಾನಿಂದೇ ಏನೋ ಎಡವಟ್ಟು ಅಂತ ಸುಮ್ನೆ ಬಿಟ್ಟೆ. ಎರಡೇ ದಿನದಲ್ಲಿ ಕೆಲಸ ಮುಗೀತು!

ವಾರ ಕಳೆದು ವಾಪಸ್ ಬಂತು. ಸೆಕ್ಷನ್ ಮೇಲೊಂದು ಕೆಂಪು ಸುತ್ತು, ಪಕ್ಕದಲ್ಲಿ ಒಂದೇ ಪ್ರಶ್ನೆ: ವಾಲಿಕೆ ಎಲ್ಲಿ?

ಅಲ್ಲಿನ ಎಂಜಿನಿಯರ್ ಕಾಲ್‌ನಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ಈ ಚರ್ಚಿನ ಚಾವಣಿ, ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದ ಹಾಗಿದೆ. ಪೂರ್ತಿ ಕಲ್ಲಿನದು. ಅದು ಕೆಳಕ್ಕೆ ಮಾತ್ರ ಒತ್ತಲ್ಲ, ಗೋಡೆಯನ್ನು ಹೊರಕ್ಕೂ ತಳ್ಳುತ್ತೆ. ಅದಕ್ಕೇ ಗೋಡೆ ಅಷ್ಟು ದಪ್ಪ, ಕಿಟಕಿ ಅಷ್ಟು ಚಿಕ್ಕದು. ಹೊರಗಿನಿಂದ ಕಿಟಕಿ ಒಂದು ಗೇಣು ಸೀಳು, ಒಳಗೆ ಬರುತ್ತಾ ಅಗಲ. ಇದ್ದಷ್ಟು ಬೆಳಕು ಹರಡಲಿ ಅಂತ. ಇಷ್ಟಾದರೂ ನೂರಾರು ವರ್ಷದ ತಳ್ಳಾಟಕ್ಕೆ ಗೋಡೆ ಮೇಲ್ಗಡೆ ವಾಲಿದೆ. ಎಷ್ಟು ವಾಲಿದೆ ಅಂತ ತಿಳಿಯೋಕೇ ಅವರು ಸ್ಕ್ಯಾನ್ ಮಾಡಿಸಿದ್ದು. ನಾನು ಅದನ್ನೇ ಅಳಿಸಿ ಕಳಿಸಿದ್ದೆ.

ಎಲ್ಲಾ ಚರ್ಚೂ ಹೀಗಿರಲ್ಲ. ಅದೇ ಪಿರನೀಸ್‌ನ ತಾಉಲ್ ಹಳ್ಳಿಯ ಸಾಂಟ್ ಕ್ಲಿಮೆಂಟ್ ಚರ್ಚಿನ ಪ್ರತಿಷ್ಠೆ ಆಗಿದ್ದು 1123ರ ಡಿಸೆಂಬರ್ 10ಕ್ಕೆ. ಅದರದು ಮರದ ಚಾವಣಿ. ತೂಕ ಕಮ್ಮಿ, ತಳ್ಳಾಟವೂ ಕಮ್ಮಿ. ಹಾಗಾಗಿ ಒಳಗೆ ದುಂಡು ಕಂಬ ನಿಲ್ಲಿಸಿ ಮೂರು ಹಜಾರ ಮಾಡಿದ್ದಾರೆ. ಆರಂತಸ್ತಿನ ಗಂಟೆ ಗೋಪುರದ ಫೋಟೋ ನೋಡಿ, ಕಣ್ಣು ಕೀಳೋಕಾಗಲ್ಲ.

ಆರ್ಥೊ ಆಫ್ ಮಾಡಿ ಮೊದಲಿಂದ ಶುರು ಮಾಡಿದೆ. ಮೀಟರಿಗೊಂದು ಸೆಕ್ಷನ್. ಆಪ್ಸ್‌ಗೆ ವೃತ್ತ ಹಾಕಿದರೆ ಕೂರಲಿಲ್ಲ, ಕಲ್ಲು ಕಲ್ಲಾಗಿ ಎಳೆದೆ. ಹನ್ನೊಂದು ದಿನ ಹಿಡೀತು. ದಕ್ಷಿಣದ ಗೋಡೆ 11 ಸೆಂಟಿಮೀಟರ್ ವಾಲಿತ್ತು, ಉತ್ತರದ್ದು ಬರೀ 4. ಯಾಕೆ ಹೀಗೆ ಅಂತ ಕೇಳಿದೆ.

"ಉತ್ತರಕ್ಕೆ ಗುಡ್ಡ ಇದೆಯಲ್ಲ, ಗೋಡೆಗೆ ಆತುಕೊಂಡಿದೆ. ಸ್ಕ್ಯಾನ್‌ನಲ್ಲಿ ಕಾಣಲಿಲ್ವಾ?" ಅಂದರು.

ಮೊದಲ ದಿನವೇ ಅದನ್ನು ಕಸ ಅಂತ ಕ್ರಾಪ್ ಮಾಡಿದ್ದೆ.